ಸಿ ಪ್ರೋಗ್ರಾಂನಲ್ಲಿ 2^10 ಹಾಕಿದರೆ 8 ಬರುವುದೇಕೆ?

1024 ಬರಬೇಕಾದಲ್ಲಿ 8 ಬರುತ್ತಿದೆ, ಘಾತ ಲೆಕ್ಕ ಹಾಕುವ ಪೌ (pow) ಫಂಕ್ಷನ್ ಬಳಸದೆ ಸರಿ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಸಿ ಭಾಷೆಯಲ್ಲಿ ^ ಚಿಹ್ನೆಗೂ ಘಾತಕ್ಕೂ ಸಂಬಂಧವೇ ಇಲ್ಲ. ಅದು ಎಕ್ಸ್‌-ಆರ್. ಎರಡು ಸಂಖ್ಯೆಗಳ ಬಿಟ್‌ಗಳು ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0 ಹಾಕುತ್ತದೆ. 2 ಅಂದರೆ 0010, 10 ಅಂದರೆ 1010. ಸಿಗೋದು 1000, ಅಂದರೆ 8. ನೀವು ಕೇಳಿದ್ದನ್ನೇ ಅದು ಕೊಟ್ಟಿದೆ!

ಒಂದು ಲೂಪ್ ಸಾಕು. ಉತ್ತರ = 1 ಅಂತ ಶುರು ಮಾಡಿ. ಘಾತ (ಇಲ್ಲಿ 10) 0ಗಿಂತ ಜಾಸ್ತಿ ಇರುವವರೆಗೆ ಉತ್ತರವನ್ನು ಆಧಾರದಿಂದ (ಇಲ್ಲಿ 2) ಗುಣಿಸಿ, ಘಾತದಲ್ಲಿ ಒಂದು ಕಳೆಯಿರಿ. ಉತ್ತರವನ್ನು 0 ಇಂದ ಶುರು ಮಾಡಿದರೆ ಎಷ್ಟು ಗುಣಿಸಿದರೂ ಸೊನ್ನೆಯೇ. 1 ಇಟ್ಟರೆ ಇನ್ನೊಂದು ಲಾಭ: ಘಾತ 0 ಇದ್ದಾಗ ಲೂಪ್ ಓಡುವುದೇ ಇಲ್ಲ, ಉತ್ತರ ತಾನಾಗಿಯೇ 1 ಬರುತ್ತದೆ.

ಪೌ ಬೇಡ ಅಂದದ್ದು ಒಳ್ಳೆಯದೇ ಆಯಿತು. ಅದು ಕೊಡೋದು ಡಬಲ್, ಅಂದರೆ ದಶಮಾಂಶದ ಸಂಖ್ಯೆ. ಅದನ್ನು ಇಂಟ್‌ಗೆ, ಅಂದರೆ ಪೂರ್ಣಾಂಕಕ್ಕೆ ತುರುಕಿದಾಗ ದಶಮಾಂಶದ ಭಾಗ ಕತ್ತರಿಸಿಹೋಗಿ, 24.999… ಇದ್ದದ್ದು ಕೆಲವು ಕಂಪೈಲರ್‌ಗಳಲ್ಲಿ 5ರ ವರ್ಗ 24 ಅಂತ ಬಂದದ್ದುಂಟು.

ಲೂಪ್ ಓಡಿದ ಮೇಲೆ 3ರ ಘಾತ 20 ಕೊಟ್ಟು ನೋಡಿ. ಬರಬೇಕಾದದ್ದು 3486784401. 32 ಬಿಟ್‌ನ ಇಂಟ್‌ನಲ್ಲಿ ಹಿಡಿಸೋದು 2147483647ರವರೆಗೆ ಮಾತ್ರ. ಹಾಗಾಗಿ ಸಾಮಾನ್ಯವಾಗಿ −808182895 ಅಂತ ಏನೋ ವಿಚಿತ್ರ ಕಾಣುತ್ತದೆ. ಇಂಟ್ ಬದಲು ಇನ್ನೂ ದೊಡ್ಡ ಪೂರ್ಣಾಂಕ ಹಿಡಿಸುವ ಲಾಂಗ್ ಲಾಂಗ್ ಹಾಕಿದರೆ ಸ್ವಲ್ಪ ದೂರ ಹೋಗಬಹುದು.

ಈಗ ನನಗೆ ಇಷ್ಟವಾದ ಭಾಗ. 3ರ ಘಾತ 13ಕ್ಕೆ ಹದಿಮೂರು ಸಲ ಗುಣಿಸಬೇಕಿಲ್ಲ. ಘಾತ ಬೆಸ ಇದ್ದರೆ ಉತ್ತರವನ್ನು ಆಧಾರದಿಂದ ಗುಣಿಸಿ. ಆಮೇಲೆ, ಬೆಸವೋ ಸಮವೋ, ಆಧಾರವನ್ನು ವರ್ಗ ಮಾಡಿ, ಘಾತವನ್ನು ಅರ್ಧ ಮಾಡಿ, ಶೇಷ ಬಿಟ್ಟುಬಿಡಿ; ಘಾತ 0 ಆಗುವವರೆಗೆ ಹೀಗೇ ಮಾಡಿ. 13 ಬೆಸ: ಉತ್ತರ 3, ಆಧಾರ 9. ಘಾತ 6, ಸಮ: ಆಧಾರ 81. ಘಾತ 3, ಬೆಸ: ಉತ್ತರ 243, ಆಧಾರ 6561. ಘಾತ 1, ಬೆಸ: 243 × 6561 = 1594323. ಮುಗಿಯಿತು. ಹೀಗೆ ಅರ್ಧ ಮಾಡುತ್ತಾ 2ರ ಘಾತ ಹುಡುಕುವ ದಾರಿಯನ್ನು ಛಂದಸ್ಸಿನ ಲಘು-ಗುರು ಲೆಕ್ಕಕ್ಕಾಗಿ ಪಿಂಗಳ ಎರಡು ಸಾವಿರ ವರ್ಷಗಳ ಹಿಂದೆಯೇ ಸೂತ್ರದಲ್ಲಿ ಹೇಳಿದ್ದಾನೆ, ಗೊತ್ತಾ?

ಋಣ ಘಾತ ಕೊಟ್ಟರೆ ಮೊದಲ ಲೂಪ್ ಓಡದೆ ಸುಮ್ನೆ 1 ಕೊಡುತ್ತದೆ, ಅದು ತಪ್ಪು. ಅದಕ್ಕೆ ಘಾತವನ್ನು ಧನ ಮಾಡಿಕೊಂಡು ಲೆಕ್ಕ ಹಾಕಿ, ಕೊನೆಗೆ 1.0ಯನ್ನು ಆ ಉತ್ತರದಿಂದ ಭಾಗಿಸಿ. ಬರೀ 1 ಬರೆದರೆ ಇಂಟ್ ಭಾಗಾಕಾರವಾಗಿ 0 ಬಂದೀತು.