ಮಾಳಿಗೆ ಮೇಲಿನ 24 ಕುಂಡಗಳು: ಬೇಸಿಗೆ ರಜೆಯ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಧಾರವಾಡದ ಐದು ಜನರ ಕುಟುಂಬ. ತಂದೆ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ, ತಾಯಿ ಪ್ರೌಢಶಾಲೆ ಶಿಕ್ಷಕಿ. ಮಗನಿಗೆ 14, ಮಗಳಿಗೆ 9. ತಂದೆಯ ತಾಯಿಯೂ ಜೊತೆಗಿದ್ದಾರೆ. ಏಪ್ರಿಲ್ ಎರಡನೇ ವಾರ ರಜೆ ಬಿದ್ದದ್ದೇ ತಡ, ಮನೆಯಲ್ಲಿ ದಿನಾ ಜಗಳ. ಮಗ ಮೊಬೈಲ್ ಹಿಡಿದು ಬಾಗಿಲು ಹಾಕಿಕೊಳ್ಳುತ್ತಾನೆ, ಯಾವ ಕೆಲಸಕ್ಕೂ ಕೈ ಹಚ್ಚುವುದಿಲ್ಲ, ಕರೆದರೆ ಎಗರಾಡುತ್ತಾನೆ ಎಂಬುದು ಆಪ್ತಸಲಹೆಗಾರರಾದ ನಮ್ಮ ಬಳಿ ತಾಯಿ ತಂದ ದೂರು.

ಈ ವಯಸ್ಸಿನ ಹುಡುಗ ಕೋಣೆ ಸೇರಿದ ಎಂದರೆ ಮೊದಲು ಬೇರೆ ಸಂಗತಿಗಳನ್ನು ವಿಚಾರಿಸಬೇಕು. ನಿದ್ದೆ, ಊಟ, ಗೆಳೆಯರ ಒಡನಾಟ, ಓದು ಎಲ್ಲವನ್ನೂ ಹುಡುಗನೊಬ್ಬನನ್ನೇ ಕೂಡಿಸಿಕೊಂಡು ಕೇಳಿದೆವು. ಸಂಜೆ ಕ್ರಿಕೆಟ್‌ಗೆ ತಪ್ಪದೆ ಹೋಗುತ್ತಾನೆ, ಚೆನ್ನಾಗಿ ಉಣ್ಣುತ್ತಾನೆ, ನಗುತ್ತಾನೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಎರಡು ವಾರಕ್ಕೂ ಮೀರಿ ಮಂಕುತನ, ನಿದ್ದೆಗೇಡು ಕಂಡಿದ್ದರೆ, ಇಲ್ಲವೇ ಬದುಕೇ ಬೇಡವೆಂಬ ಮಾತು ಒಮ್ಮೆ ಬಂದಿದ್ದರೂ ಹವ್ಯಾಸದ ಮಾತನ್ನು ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ಅಂಥ ಹೊತ್ತಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹುಡುಗ ಹೇಳಿದ್ದು ಇಷ್ಟೇ: "ಹಲಗಿ ಹಿಡಕೊಂಡು ನಿಂದರು ಅಂತಾರ್ರಿ ಅಪ್ಪಾ. ತಾಸಗಟ್ಲೆ ನಿಂದರತೇನಿ. ಸ್ಕ್ರೂ ನಾ ಹಾಕ್ತೇನಿ ಅಂದ್ರ, ನಿನಗ ಬರೂದಿಲ್ಲ ಬಿಡು ಅಂತಾರ."

ತಂದೆ ಆ ರಜೆಗೆ ಮೂರು ಕೆಲಸ ಹಚ್ಚಿಕೊಂಡಿದ್ದರು: ಹಾಲ್‌ನಲ್ಲಿ ಏಳು ಅಂತಸ್ತಿನ ಪುಸ್ತಕದ ಕಪಾಟು, ಹಳೆ ಸೈಕಲ್ ರಿಪೇರಿ, ಮಾಳಿಗೆ ಮೇಲಿನ 24 ಕುಂಡಗಳ ಕೈತೋಟ. ಮೂರೂ ಅರ್ಧಕ್ಕೆ ನಿಂತಿದ್ದವು. "ನಾ ಇದನ್ನೆಲ್ಲಾ ಮಾಡೂದು ಇವರ ಸಲುವಾಗೇ ಐತ್ರಿ" ಎನ್ನುವಾಗ ಅವರ ಧ್ವನಿಯಲ್ಲಿದ್ದ ನೋವು ನಿಜವಾದದ್ದು. ಅಜ್ಜಿಯ ಸಂಕಟವೇ ಬೇರೆ. ಬಿಸಿಲು ಬಿದ್ದಾಗ ಸಂಡಿಗೆ, ಹಪ್ಪಳ, ಶಾವಿಗೆ ಆಗಬೇಕು; ಮಾಳಿಗೆ ತುಂಬ ಕುಂಡ, ಹುಡುಗನ ತಂದೆ ಪೈಪು ಹಿಡಿದು ನೀರು ಬಿಟ್ಟರೆ ಒಣಹಾಕಿದ ಸಂಡಿಗೆ ಮೇಲೆಲ್ಲ ಸಿಡಿಯುತ್ತದೆ.

ತಾಯಿ ತಮ್ಮ ವಿಷಯ ಎತ್ತಲೇ ಇಲ್ಲ. ಕೇಳಿದ ಮೇಲೆ ಹೇಳಿದರು: ಮಗಳು ಹುಟ್ಟುವ ಮೊದಲು ಹಿಡಿದ ಕಸೂತಿ ಸೀರೆಯೊಂದು ಪೆಟ್ಟಿಗೆಯಲ್ಲಿದೆ, ಸೆರಗಿನ ಗೋಪುರ ಮುಗಿದಿದೆ, ತುಳಸಿಕಟ್ಟೆ ಅರ್ಧಕ್ಕಿದೆ. ಎಲ್ಲರ ಕೆಲಸಕ್ಕೂ ಸಾಮಾನು ತರುವುದು, ಕಸ ಬಳಿಯುವುದು, ಜಗಳ ಬಿಡಿಸುವುದು ಅವರ ಪಾಲಿಗೆ ಬಂದಿತ್ತು.

ನಮ್ಮ ತಿಳಿವಳಿಕೆಯಲ್ಲಿ ಈ ಮನೆಯಲ್ಲಿ ಸೋಮಾರಿಗಳು ಯಾರೂ ಇರಲಿಲ್ಲ. ತಂದೆ ಕೈಕೆಲಸವನ್ನು ಹಂಚಿದ್ದರು, ತೀರ್ಮಾನವನ್ನೆಲ್ಲ ತಾವೇ ಇಟ್ಟುಕೊಂಡಿದ್ದರು. ಹಲಗೆ ಹಿಡಿದು ನಿಲ್ಲುವ ಹುಡುಗನಿಗೆ ಆ ಕಪಾಟು ತನ್ನದು ಅನಿಸಲು ಕಾರಣವೇ ಇಲ್ಲ. "ಕೆಲಸ ಮಾಡಿದ್ರ ಒಂದ್ ತಾಸು ಮೊಬೈಲ್" ಎಂಬ ಕರಾರು ಇದನ್ನು ಇನ್ನಷ್ಟು ಕೆಡಿಸಿತ್ತು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಚಿತ್ರ ಬರೆಸಿದ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಬಣ್ಣ ಮುಟ್ಟುವುದನ್ನೇ ಕಡಿಮೆ ಮಾಡಿದರು. ಮೊಬೈಲ್‌ಗೆ ಬೇರೆ ಹೊತ್ತು ಗೊತ್ತು ಮಾಡಿ, ಕೆಲಸಕ್ಕೆ ಅದನ್ನು ಗಂಟು ಹಾಕಬೇಡಿ ಎಂದೆವು. ತಂದೆಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ.

ಕಪಾಟು, ಸೈಕಲ್ ಎರಡನ್ನೂ ಮುಚ್ಚಿಡಿ, ಒಂದೇ ಕೆಲಸ ಹಿಡಿಯಿರಿ ಎಂದು ಸಲಹೆ ಕೊಟ್ಟೆವು. ಅದು ಎಲ್ಲರಿಗೂ ಬೇಕಾದದ್ದಾಗಿರಬೇಕು, ಹತ್ತು ದಿನದೊಳಗೆ ಮುಗಿಯುವಂತಿರಬೇಕು. ಮೇ ತಿಂಗಳಲ್ಲಿ ಎಂಟು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಪ್ರತಿ ವರ್ಷ ಗಿಡ ಒಣಗುತ್ತಿದ್ದವು. ಡ್ರಮ್ಮಿನಿಂದ ಹನಿ ನೀರು ಬಿಡುವ ಏರ್ಪಾಡು ಮಾಡಿದರೆ ಗಿಡವೂ ಉಳಿಯುತ್ತದೆ, ಅಜ್ಜಿಯ ಸಂಡಿಗೆಗೆ ನೀರು ಸಿಡಿಯುವುದೂ ತಪ್ಪುತ್ತದೆ. ಆಯ್ಕೆ ಅವರದೇ.

ಯಾರ ಮಾತು ಎಲ್ಲಿ ಕೊನೆಯದು ಎಂಬುದನ್ನು ಕಾಗದದ ಮೇಲೆ ಬರೆಸಿದೆವು. ಪೈಪು, ಹನಿ ಬಿಡುವ ಡ್ರಿಪ್ಪರ್, ನೀರಿನ ಲೆಕ್ಕ ಮಗನದು. ಅಳತೆ ನೋಡಿ ಬರೆದಿಡುವುದು ಮಗಳದು. ಮಾಳಿಗೆಯ ದಕ್ಷಿಣದ ಭಾಗ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ, ಅಜ್ಜಿಯದು. ಡ್ರಮ್ಮು ಎಲ್ಲಿ ಕೂಡಬೇಕೆಂಬುದು ತಂದೆಯದು, ಏಕೆಂದರೆ 200 ಲೀಟರ್ ನೀರೆಂದರೆ 200 ಕಿಲೋ ಭಾರ. ಅದನ್ನು ಸ್ಲ್ಯಾಬಿನ ನಡುವೆ ಇಡದೆ ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ, ಗಟ್ಟಿ ಕಟ್ಟೆಯ ಮೇಲೆ ಕೂಡಿಸಬೇಕು. ಬ್ಲೇಡು, ಕುದಿನೀರು, ಎತ್ತರ, ಕರೆಂಟು: ಈ ನಾಲ್ಕರಲ್ಲಿ ತಂದೆ ಯಾವ ಕ್ಷಣದಲ್ಲಾದರೂ "ನಿಲ್ಲು" ಅನ್ನಬಹುದು. ಉಳಿದದ್ದರಲ್ಲಿ ಕೇಳಿದರೆ ಮಾತ್ರ ಹೇಳಬೇಕು, ಮಗನ ಕೈಯಿಂದ ಸಾಮಾನು ಕಸಿಯಬಾರದು.

ಕೆಲಸದ ವಿವರಕ್ಕೆ ನಾವೂ ಇಳಿದೆವು. ಬರೀ "ಕೂಡಿ ಮಾಡಿ" ಎಂದು ಕಳಿಸಿದರೆ ಮೊದಲ ಸೋರಿಕೆಗೇ ಜಗಳ ಮರಳಿ ಬರುತ್ತದೆ. ಡ್ರಮ್ಮಿನ ಬುಡ ಕುಂಡಗಳಿಗಿಂತ ಸುಮಾರು ಒಂದು ಮೀಟರ್ ಮೇಲಿರಲಿ. ನಲ್ಲಿಯಾದ ಮೇಲೆ ಜಾಲರಿ ಫಿಲ್ಟರ್, ಆಮೇಲೆ 16 ಮಿ.ಮೀ. ಪೈಪು, ಅದರಿಂದ ಪ್ರತಿ ಕುಂಡಕ್ಕೆ 4 ಮಿ.ಮೀ. ಕೊಳವೆ, ತುದಿಗೊಂದು ಡ್ರಿಪ್ಪರ್, ಪೈಪಿನ ಕೊನೆಗೆ ಎಂಡ್ ಕ್ಯಾಪ್. ಪೈಪಿನ ಬಾಯನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿದರೆ ಜೋಡಣೆ ಸಲೀಸು. ಬಿಳಿ ಡ್ರಮ್ಮಾದರೆ ಬಿಸಿಲಿಗೆ ಪಾಚಿ ಕಟ್ಟಿ ಫಿಲ್ಟರ್ ತುಂಬಿಕೊಳ್ಳುತ್ತದೆ. ಗೋಣಿ ತಾಟು ಸುತ್ತಬೇಕು. ಬೋರಿನ ನೀರು ತುಂಬಿಸಿದರೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕೂಡುತ್ತದೆ, ಹಾಗಾಗಿ ನಲ್ಲಿಗೆ ಮಲಪ್ರಭಾ ನದಿಯ ನೀರು ಬಿಟ್ಟ ದಿನವೇ ತುಂಬಿಸಿಕೊಳ್ಳುವುದು ಒಳ್ಳೆಯದು. ಒತ್ತಡ ಸರಿದೂಗಿಸುವ ಬಗೆಯ ಡ್ರಿಪ್ಪರ್ ಇಷ್ಟು ಕಡಿಮೆ ಎತ್ತರಕ್ಕೆ ಸರಿಯಾಗಿ ಬಾಯಿ ತೆರೆಯುವುದಿಲ್ಲ, ಸಾದಾ ಡ್ರಿಪ್ಪರ್ ತರಬೇಕು. ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಟ್ಟು ನಿಲ್ಲಿಸುವ ಟೈಮರ್ ಕೊಳ್ಳುವುದಾದರೆ ಒಳಗೆ ಗುಂಡು ತಿರುಗಿ ತೆರೆಯುವ ಬಾಲ್ ವಾಲ್ವ್ ಇರುವುದನ್ನೇ ಕೇಳಬೇಕು. ವಿದ್ಯುತ್ ಕಾಂತದಿಂದ ತೆರೆಯುವ ಸೊಲೆನಾಯ್ಡ್ ಬಗೆಯದಕ್ಕೆ ಸಾಮಾನ್ಯವಾಗಿ ನಲ್ಲಿಯ ಒತ್ತಡ ಬೇಕಾಗುತ್ತದೆ.

ಹುಡುಗ ನಿಜಕ್ಕೂ ಅರಳಿದ್ದು ಲೆಕ್ಕದಲ್ಲಿ. ಡ್ರಿಪ್ಪರಿನ ಮೇಲೆ ತಾಸಿಗೆ 4 ಲೀಟರ್ ಎಂದು ಬರೆದಿದ್ದರೂ ಅದು 1 ಬಾರ್ ಒತ್ತಡದ ಮಾತು. ಒಂದು ಮೀಟರ್ ಎತ್ತರಕ್ಕೆ ಸಿಗುವುದು 0.1 ಬಾರ್, ಹರಿವು ಮೂರನೇ ಒಂದು ಭಾಗಕ್ಕೂ ಕಡಿಮೆಗೆ ಇಳಿಯುತ್ತದೆ. ತಂಗಿ ಪ್ರತಿ ಡ್ರಿಪ್ಪರಿನ ಕೆಳಗೆ ಲೋಟ ಇಟ್ಟು 15 ನಿಮಿಷ ಕಾದು ಅಳೆದಳು. ಹತ್ತಿರದ ಕುಂಡಗಳಲ್ಲಿ 300 ಮಿ.ಲೀ. ಆಸುಪಾಸು, ಕೊನೆಯ ಸಾಲಿನಲ್ಲಿ ಇನ್ನೂ ಕಡಿಮೆ. ಅಂದರೆ ತಾಸಿಗೆ ಸುಮಾರು ಒಂದೂಕಾಲು ಲೀಟರ್. ದಿನಕ್ಕೆ ಒಂದು ತಾಸು ಬಿಟ್ಟರೆ 24 ಕುಂಡಕ್ಕೆ 30 ಲೀಟರ್, ಎಂಟು ದಿನಕ್ಕೆ 240. ಡ್ರಮ್ಮು ಹಿಡಿಯುವುದು 200. ತಂದೆ ಇನ್ನೊಂದು ಡ್ರಮ್ಮು ತರಲು ಎದ್ದಿದ್ದರಂತೆ, ಹೆಂಡತಿ ಕಾಗದ ತೋರಿಸಿ ಕೂಡಿಸಿದರು. ಮಗ 45 ನಿಮಿಷಕ್ಕೆ ಇಳಿಸಿದ, ದಿನಕ್ಕೆ ಇಪ್ಪತ್ತೆರಡೂವರೆ ಲೀಟರ್, ಎಂಟು ದಿನಕ್ಕೆ 180. ಕುಂಡಗಳನ್ನು ಒತ್ತಟ್ಟಿಗೆ ತಂದು ನೆರಳು ಪರದೆ ಕಟ್ಟಿಸಿದ, ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಹಾಸಿದ.

ಪೈಪಿಗೆ ತೂತು ಹಾಕುವಾಗ ಎಡವಟ್ಟಾಯಿತು. ಪಂಚ್ ಕೈಗೆ ಸಿಗದೆ ಹುಡುಗ ಕಾಯಿಸಿದ ಮೊಳೆ ಚುಚ್ಚಿದ. ಪ್ಲಾಸ್ಟಿಕ್ ಕರಗಿ ತೂತು ಅಂಡಾಕಾರವಾಗಿ ಕೊಳವೆ ನಿಲ್ಲದೆ ಸೋರಿತು. ಇಂಥ ಗಳಿಗೆಗೆಂದೇ ತಂದೆಗೆ ಒಂದು ಮಾತು ಕೊಟ್ಟಿದ್ದೆವು: "ಹೇಳಿದ್ನಲ್ಲ" ಎನ್ನುವ ಬದಲು "ಎಲ್ಲಿ ಸೋರಾಕತ್ತೈತಿ ನೋಡೂಣ" ಅನ್ನಿ, ಆಮೇಲೆ ಸುಮ್ಮನಿರಿ. ಅವರು ಸುಮ್ಮನಿದ್ದರು. ಹುಡುಗನೇ ಅಂಗಡಿಗೆ ಹೋಗಿ ತೂತು ಮುಚ್ಚುವ ಪ್ಲಗ್ಗು ಕೇಳಿ ತಂದ. ಪ್ಲಗ್ಗೂ ನಿಲ್ಲದ ಕಡೆ ಪೈಪು ಕತ್ತರಿಸಿ ನಡುವೆ ಜೋಡಕ ಹಾಕಿದ, ಪಂಚ್‌ನಿಂದ ಪಕ್ಕದಲ್ಲಿ ಹೊಸ ತೂತು ಮಾಡಿದ.

ಅಜ್ಜಿಗೆ ನಾವು ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ಒಂದು ಪಾವು ಸಾಬೂದಾಣಿ ರಾತ್ರಿ ನೆನೆಸಿ, ಐದು ಪಾವು ನೀರಲ್ಲಿ ಕಾಳು ಗಾಜಿನಂತಾಗುವವರೆಗೆ ಕುದಿಸಬೇಕೆಂದು ಅವರೇ ಮೊಮ್ಮಗಳಿಗೆ ಹೇಳಿಕೊಟ್ಟರು. ಮೇಲೆ ಒಣಗಿದಂತೆ ಕಂಡು ಒಳಗೆ ಪಸೆ ಉಳಿದರೆ ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆಂದು ಎರಡನೇ ದಿನ ಮಗುಚಿ ಹಾಕಿಸಿದರು.

ತಾಯಿಯ ವಿಷಯದಲ್ಲಿ ನಾವು ಬಿಗಿಯಾಗಿ ಹೇಳಿದೆವು: ಸಂಜೆ 4ರಿಂದ 4.45ರವರೆಗೆ ಅವರನ್ನು ಯಾರೂ ಏನೂ ಕೇಳುವಂತಿಲ್ಲ, "ಕತ್ತರಿ ಎಲ್ಲೈತಿ" ಎಂದು ಕೂಡ. ಕಸೂತಿಗೆ ಪಡಿಯಚ್ಚು ಇರುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಹೋದ ದಾರಿಯಲ್ಲೇ ಮರಳಿ ಬಿಟ್ಟ ಜಾಗ ತುಂಬುವ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದೆಳೆ ತಪ್ಪಿದರೆ ಮರಳುವಾಗ ಸಾಲು ಕೂಡುವುದಿಲ್ಲ, ಅಷ್ಟೂ ಬಿಚ್ಚಬೇಕು. ನಡುವೆ ಎಬ್ಬಿಸಿದರೆ ಎಣಿಕೆ ಹೋಯಿತೆಂದೇ ಅರ್ಥ. ಬಹಳ ವರ್ಷ ಬಿಟ್ಟ ಕೈ ಆದ್ದರಿಂದ ಸೀರೆಗೆ ಕೈ ಹಾಕುವ ಮೊದಲು ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಗವಂತಿ, ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆ ಎರಡನ್ನೂ ಒಂದು ವಾರ ಹಾಕಿ ನೋಡಲು ಹೇಳಿದೆವು. ಮೊದಲೆರಡು ದಿನ ಅವರೇ ನಡುವೆ ಎದ್ದು ಚಹಾಕ್ಕಿಟ್ಟರಂತೆ. ಆ ಹೊತ್ತಿನ ಚಹಾವನ್ನು ತಂದೆಗೆ ವಹಿಸಿದ ಮೇಲೆ ಕೂತರು.

ಊರಿಂದ ಮರಳಿದಾಗ 21 ಕುಂಡ ಚೆನ್ನಾಗಿದ್ದವು. ಕೊನೆಯ ಸಾಲಿನ ಮೂರು ಮೆಣಸಿನ ಗಿಡ ಒಣಗಿದ್ದವು. ಡ್ರಮ್ಮಿನ ನೀರು ಇಳಿದಂತೆ ಒತ್ತಡವೂ ಇಳಿದು ಅಲ್ಲಿಗೆ ಹನಿ ಸಾಲಲಿಲ್ಲ. ಆ ಸಾಲಿಗೆ ಕುಂಡಕ್ಕೆರಡು ಡ್ರಿಪ್ಪರ್ ಹಾಕುವುದೆಂದು ಮಗ ತೀರ್ಮಾನಿಸಿದ್ದಾನೆ. ತಂದೆ-ಮಗನ ಜಗಳ ನಿಂತಿಲ್ಲ, ಆದರೆ ಈಗ ಅದು ನೀರು, ಪೈಪುಗಳ ಬಗ್ಗೆ ನಡೆಯುತ್ತದೆ. ಹುಡುಗ ಬಾಗಿಲು ಹಾಕಿಕೊಳ್ಳುವುದು ಕಡಿಮೆಯಾಗಿದೆ. ಏಳು ಅಂತಸ್ತಿನ ಕಪಾಟನ್ನು ಮೂರಕ್ಕೆ ಇಳಿಸಿ, ಸ್ಕ್ರೂ ಹಾಕುವುದನ್ನು ಮಗನಿಗೆ ಬಿಟ್ಟು, ಮಳೆಗಾಲದ ಭಾನುವಾರಗಳಲ್ಲಿ ಮುಗಿಸಲು ಹೇಳಿದ್ದೇವೆ. ದಸರಾ ರಜೆಯಲ್ಲಿ ಎಲ್ಲರೂ ಮತ್ತೊಮ್ಮೆ ಬರಬೇಕು, ತಾಯಿ ಮೊದಲು ಮಾತಾಡಬೇಕು ಎಂದು ಗೊತ್ತುಮಾಡಲಾಗಿದೆ.