ಅದೇ ಬಣ್ಣ, ಅದೇ ಮುಖ ಬೇಕೆನ್ನುವವರಿಗೆ

ಸಾಕಿದ ನಾಯಿ ತೀರಿಕೊಂಡ ಮನೆಗಳಿಂದ ಬರುವ ಪತ್ರಗಳಲ್ಲಿ ನಾಯಿಯ ಹೆಸರು ಬೇರೆಬೇರೆ, ಪ್ರಶ್ನೆ ಮಾತ್ರ ಅದೇ: ಮುಂದೆ ಎಂಥ ನಾಯಿ ತರಬೇಕು? ಈ ಸಲ ಒಂದಕ್ಕೆ ಸಾವಕಾಶವಾಗಿ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ. ವಾಕಿಂಗ್, ಜಂತುಹುಳುವಿನ ಔಷಧಿ ಇವೆಲ್ಲ ಒಮ್ಮೆ ನಾಯಿ ಸಾಕಿದವರಿಗೆ ಗೊತ್ತೇ ಇರುತ್ತದೆ, ಬಿಡಿ.

ಪ್ರಶ್ನೆ: ನಮ್ಮ ಹಳದಿ ಲ್ಯಾಬ್ರಡಾರ್ ಸೊಂಟದ ಕೀಲು ಸವೆದು, ಕೊನೆಗೆ ಏಳಲಾರದೆ 9ನೇ ವಯಸ್ಸಿಗೆ ಹೋಯಿತು. ಬಹಳ ಸಾಧು. ಅದೇ ಬಣ್ಣದ, ಅದೇ ಮುಖದ ಮರಿ ಸಿಕ್ಕಿದೆ. ಮಾರುವವರು ‘ಡಬಲ್ ಬೋನ್, ಪೇಪರ್ ಇದೆ’ ಎನ್ನುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ತರಬಹುದೇ, ಬೇರೆ ತಳಿ ನೋಡಬೇಕೇ?

ಉತ್ತರ: ಮೊದಲು ಮುಖದ ವಿಷಯ ಮುಗಿಸೋಣ. ಒಂದು ನಾಯಿಯ ಕೋಶದಿಂದಲೇ ಅದರ ಪಡಿಯಚ್ಚಾಗಿ ಮಾಡಿದ ಮೊದಲ ತದ್ರೂಪಿ (ಕ್ಲೋನ್) ನಾಯಿ ಸ್ನಪ್ಪಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ್ದು 2005ರಲ್ಲಿ. ಹೀಗೆ ಮಾಡಿಸಿದ ನಾಯಿಗಳಲ್ಲೂ ಬಿಳಿ ಮಚ್ಚೆ ಮೊದಲಿನ ಜಾಗದಲ್ಲೇ ಬರುವ ಖಾತರಿಯಿಲ್ಲ. ಬಣ್ಣದ ಕೋಶಗಳು ಭ್ರೂಣದಲ್ಲಿ ಹರಡುವ ಬಗೆ ಪ್ರತಿ ಸಲ ಬೇರೆ. ಮಚ್ಚೆಯದೇ ಈ ಕಥೆಯಾದರೆ ಸಾಧುತನಕ್ಕೆ ಯಾರು ಹೊಣೆ? 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿದ ಅಧ್ಯಯನದ ಪ್ರಕಾರ, ನಾಯಿಗಳ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಇನ್ನೊಂದು ಮಾತು: ನೀವು ನೆನೆಯುತ್ತಿರುವುದು ವರ್ಷಗಟ್ಟಲೆ ನಿಮ್ಮೊಂದಿಗೆ ಪಳಗಿದ ನಾಯಿಯನ್ನು. ಬಾಗಿಲಿಗೆ ಬರುವುದು ಸೋಫಾದ ಕಾಲು ಕಡಿಯುವ 8 ವಾರದ ಮರಿ.

ನೀವು ಕೇಳಬೇಕಿದ್ದದ್ದು ಮುಖದ ಬಗ್ಗೆಯಲ್ಲ, ಸೊಂಟದ ಬಗ್ಗೆ. ಹಿಪ್ ಡಿಸ್‌ಪ್ಲೇಸಿಯಾ ಎಂಬ ಈ ಸೊಂಟದ ದೋಷ ಹೊತ್ತ ಮರಿ ಹುಟ್ಟುವಾಗ ಕೀಲು ಸರಿಯಾಗಿಯೇ ಇರುತ್ತದೆ. ಬೆಳೆಯುತ್ತ ಅದು ಸಡಿಲಗೊಂಡು, ತೊಡೆಮೂಳೆಯ ಗುಂಡು ಸೊಂಟದ ಮೂಳೆಯ ಬಟ್ಟಲಲ್ಲಿ ಅಲ್ಲಾಡತೊಡಗುತ್ತದೆ. ಅಂಚು ಸವೆದು ಸಂಧಿವಾತ ಬರುತ್ತದೆ. ಇದರಲ್ಲಿ ವಂಶದ ಪಾಲೂ ಇದೆ, ಸಾಕಣೆಯ ಪಾಲೂ ಇದೆ.

ವಂಶದ ಪಾಲಿಗೆ ಸಾಕ್ಷಿ ಎಕ್ಸ್‌ರೇ. ಅಪ್ಪ, ಅಮ್ಮ ಎರಡರದ್ದೂ ಬೇಕು, 24 ತಿಂಗಳು ತುಂಬಿದ ಮೇಲೆ ತೆಗೆದದ್ದಿರಬೇಕು. ಅಂಗಾತ ಮಲಗಿಸಿ ಹಿಂಗಾಲೆರಡನ್ನೂ ನೇರ ಚಾಚಿಸಿ ತೆಗೆದಿರಬೇಕು, ಚಿತ್ರದ ಮೇಲೆ ದಿನಾಂಕ ಮತ್ತು ಮೈಕ್ರೋಚಿಪ್ ಸಂಖ್ಯೆ ಇರಬೇಕು. ಎ (ದೋಷವಿಲ್ಲ) ಇಂದ ಇ (ತೀವ್ರ ದೋಷ) ವರೆಗಿನ ಶ್ರೇಣಿಯಲ್ಲಿ ಎರಡೂ ಎ ಅಥವಾ ಬಿ ಆಗಿದ್ದರೆ ಮುಂದಿನ ಮಾತು. ಮೊಣಕೈ ಕೀಲಿನ ಅಂಕ ಸೊನ್ನೆ, ಅಂದರೆ ದೋಷವಿಲ್ಲದ್ದು, ಇರಲಿ. ಕ್ರಮೇಣ ಕುರುಡು ತರುವ, ಪಿಆರ್‌ಎ ಎಂಬ ಕಣ್ಣಿನ ವಂಶದೋಷಕ್ಕೆ ಡಿಎನ್‌ಎ ಪರೀಕ್ಷೆ ಕೇಳಿ. ಲ್ಯಾಬ್ರಡಾರ್‌ಗಳಲ್ಲಿ ಸಾಮಾನ್ಯವಾದ ಬಗೆಗೆ ಅಪ್ಪ ಅಮ್ಮಂದಿರಲ್ಲಿ ಒಂದಾದರೂ ಪೂರ್ತಿ ‘ಕ್ಲಿಯರ್’ (ದೋಷದ ವಂಶವಾಹಿಯೇ ಇಲ್ಲದ್ದು) ಇದ್ದರೆ ಮರಿಗೆ ಆ ಕುರುಡು ಬರುವುದಿಲ್ಲ. ಪೇಪರ್ ಎನ್ನುವುದು ಅಪ್ಪ ಯಾರೆಂದು ಹೇಳುವ ಚೀಟಿ, ಆರೋಗ್ಯದ ಪ್ರಮಾಣಪತ್ರವಲ್ಲ. ‘ಡಬಲ್ ಬೋನ್’ ಅಂತೂ ಮೂಳೆಶಾಸ್ತ್ರದಲ್ಲಿಲ್ಲದ ಮೂಳೆ, ಮಾರುವವರ ನಾಲಿಗೆಯಲ್ಲಷ್ಟೇ ಇದೆ. ಅವರು ಹಾಗೆನ್ನುವ ದಪ್ಪ ಕಾಲಿನ, ಗುಂಡಗಿನ ಮರಿಯ ಭಾರವೆಲ್ಲ ಆ ಸಡಿಲ ಕೀಲಿನ ಮೇಲೇ ಬೀಳುವುದು.

ಸಾಕಣೆಯ ಪಾಲಿನಲ್ಲಿ ತಪ್ಪು ಬಹುಪಾಲು ತಟ್ಟೆಯಲ್ಲಿದೆ. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶೇ 25ರಷ್ಟು ಕಡಿಮೆ ಆಹಾರ ತಿಂದ ಗುಂಪಿನ ಆಯುಷ್ಯ ಸುಮಾರು 13 ವರ್ಷ, ಇನ್ನೊಂದರದ್ದು 11.2. ಕೀಲುನೋವೂ ಮೊದಲ ಗುಂಪಿಗೆ ತಡವಾಗಿ ಬಂತು. ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದು ಪಿಒಎಂಸಿ ಎಂಬ ವಂಶವಾಹಿಯ ತುಣುಕೊಂದಿಲ್ಲದೆ ಹುಟ್ಟುತ್ತದೆ, ಅದಕ್ಕೆ ಹಸಿವು ಹೆಚ್ಚು. ಅದು ಬಟ್ಟಲು ನೆಕ್ಕಿ ಮುಖ ನೋಡಿತೆಂದು ಮತ್ತೆ ಸುರಿಯಬೇಡಿ. ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಸಿರಪ್ ಬರೆದುಕೊಡುವ ಅರೆಪಂಡಿತರನ್ನು ದೂರವಿಡಿ. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿಯಿಲ್ಲ, ಮೂಳೆ ಸೊಟ್ಟಗಾಗುವುದೇ ಅದರಿಂದ. ಮರಿಗೆ 3 ತಿಂಗಳಾಗುವವರೆಗೆ ಮೆಟ್ಟಿಲು ಬೇಡ. ನುಣುಪು ನೆಲಕ್ಕೆ ಮ್ಯಾಟ್ ಹಾಸಿ.

ತಳಿ ಬದಲಿಸುವುದೇ? ಜರ್ಮನ್ ಶೆಫರ್ಡ್, ರಾಟ್‌ವೀಲರ್ ತಂದರೆ ಅದೇ ಸೊಂಟ, ಅದೇ ಗೋಳು. ಚಿಕ್ಕದೆಂದು ಪಗ್ ಕಡೆ ಹೊರಳಿದವರಿಗೂ ಸುದ್ದಿ: ಈ ದೋಷ ಹೆಚ್ಚಿರುವ ತಳಿಗಳಲ್ಲಿ ಅದೂ ಬುಲ್‌ಡಾಗೂ ಮುಂಚೂಣಿಯಲ್ಲಿವೆ, ಉಸಿರಾಟದ ಕಾಟ ಬೇರೆ.

ಇಬ್ಬರೂ ದಿನವಿಡೀ ಹೊರಗಿರುವ ಮನೆಗೆ 8 ವಾರದ ಮರಿ ಹೊಂದುವುದಿಲ್ಲ. ಅದು ಮೂತ್ರ ತಡೆಯುವುದು ಹೆಚ್ಚೆಂದರೆ 3 ತಾಸು. ನಿಮಗೆ ನನ್ನ ಸಲಹೆ 2 ವರ್ಷ ದಾಟಿದ ನಾಯಿ, ಲ್ಯಾಬ್ ಆದರೂ ಸರಿ. ಅದರ ಸೊಂಟದ ಎಕ್ಸ್‌ರೇಯನ್ನೇ ನೋಡಿ ತರಬಹುದು, ಅಪ್ಪ ಅಮ್ಮನದ್ದು ನೋಡಿ ಊಹಿಸುವ ಗೋಜಿಲ್ಲ. ಸ್ವಭಾವವೂ ಕಣ್ಣೆದುರಿಗಿರುತ್ತದೆ. ಎರಡು ಬೇರೆ ದಿನ ಹೋಗಿ. ಮಲಗಿದ್ದು ಏಳುವಾಗ ಮುಂಗಾಲ ಮೇಲೆ ಭಾರ ಹಾಕಿ ಎಳೆದುಕೊಂಡು ಏಳುತ್ತದೆಯೇ ನೋಡಿ. ಬೆಲ್ಟ್ ಹಿಡಿದು ಓಡಿಸಿ, ಹಿಂದಿನಿಂದ ನೋಡಿ. ಮೊಲದಂತೆ ಹಿಂಗಾಲೆರಡನ್ನೂ ಜೊತೆಗೇ ಎತ್ತಿ ಹಾಕಿದರೆ ಎಕ್ಸ್‌ರೇ ಇಲ್ಲದೆ ಮುಂದುವರಿಯಬೇಡಿ. ಅರ್ಧ ತಾಸು ಒಂಟಿಯಾಗಿ ಬಿಡಿಸಿ, ಬಾಗಿಲು ಕೆರೆದು ಊಳಿಟ್ಟರೆ ನಿಮ್ಮ ಮನೆಗೆ ಆಗದು.

ಪ್ರಶ್ನೆ: ಪಾರ್ವೊ ಎಂಬ ವಾಂತಿಭೇದಿಯ ವೈರಸ್ ಕಾಯಿಲೆಯಲ್ಲಿ ಮರಿ ಸತ್ತು 3 ವಾರವಾಯಿತು. ಫಿನಾಯಿಲ್ ಹಾಕಿ ತೊಳೆದಿದ್ದೇವೆ. ಪಾರ್ವೊ ಬರದ ತಳಿ ಯಾವುದು?

ಉತ್ತರ: ಯಾವುದೂ ಇಲ್ಲ. ರಾಟ್‌ವೀಲರ್, ಡಾಬರ್‌ಮನ್‌ಗಳಿಗೆ ಅಪಾಯ ಇನ್ನೂ ಜಾಸ್ತಿ. ಫಿನಾಯಿಲ್ ಸುರಿದರೆ ವಾಸನೆ ಹೋದೀತು, ವೈರಸ್ ಜಗ್ಗುವುದಿಲ್ಲ. ಮೊದಲು ಸೋಪಿನಿಂದ ಕೊಳೆ ತೆಗೆಯಿರಿ, ಇಲ್ಲದಿದ್ದರೆ ಬ್ಲೀಚ್ ವ್ಯರ್ಥ. ಆಮೇಲೆ ಮನೆಬಳಕೆಯ ಬ್ಲೀಚ್ 1 ಪಾಲಿಗೆ 30 ಪಾಲು ನೀರು ಬೆರೆಸಿ, 10 ನಿಮಿಷ ಒದ್ದೆಯಾಗಿಯೇ ಬಿಟ್ಟು ತೊಳೆಯಿರಿ. ಹಾಸಿಗೆ, ಬಟ್ಟಲು ಎಸೆಯಿರಿ. ಅಂಗಳದ ನೆರಳಿನ ಮಣ್ಣಲ್ಲಿ ವೈರಸ್ ವರ್ಷದವರೆಗೂ ಉಳಿದೀತು. ಹಾಗಾಗಿ ಆ ಮನೆಗೆ ಪೂರ್ತಿ ಲಸಿಕೆಯಾದ ದೊಡ್ಡ ನಾಯಿಯೇ ಕ್ಷೇಮ. ಮರಿಯೇ ಬೇಕೆಂದರೆ 16 ವಾರ ತುಂಬಿದ ಮೇಲಿನ ಡೋಸ್ ಆಗಿ 2 ವಾರ ಕಳೆಯಲಿ. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲಿನ ಡೋಸುಗಳನ್ನು ಕೆಲಸ ಮಾಡಗೊಡದೆ ಇರಬಹುದು. ‘ಒಂದು ಇಂಜೆಕ್ಷನ್ ಆಗಿದೆ’ ಎಂಬ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ: ಅಲರ್ಜಿ ತರದ ತಳಿ?

ಉತ್ತರ: ಇಲ್ಲ. ಅಲರ್ಜಿಯ ಮೂಲ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿದೆ.

ಪ್ರಶ್ನೆ: ಟೀಕಪ್ ನಾಯಿ ಸಾಕುವುದು ಸುಲಭವೇ?

ಉತ್ತರ: ಅದು ತಳಿಯೇ ಅಲ್ಲ, ಪೀಚು ಮರಿಗಳ ಮಾರಾಟದ ಹೆಸರು. ಒಂದು ಹೊತ್ತು ತಿನ್ನದಿದ್ದರೆ ರಕ್ತದ ಸಕ್ಕರೆ ಅಂಶ ಕುಸಿದು ಬೀಳುವುದುಂಟು.

ಪ್ರಶ್ನೆ: ಎಷ್ಟು ತಿಂಗಳು ಬಿಟ್ಟು ತರಬೇಕು?

ಉತ್ತರ: ಸೋಂಕಿನಿಂದ ಸತ್ತಿಲ್ಲವಾದರೆ ತಿಂಗಳ ಲೆಕ್ಕವಿಲ್ಲ. ಮನೆಯಲ್ಲಿ ಒಬ್ಬರಾದರೂ ಬೇಡವೆನ್ನುತ್ತಿದ್ದರೆ ಕಾಯಿರಿ.

ಪ್ರಶ್ನೆ: ಹಳೆಯ ಹೆಸರನ್ನೇ ಇಡಬಹುದೇ?

ಉತ್ತರ: ನಾಯಿಗೇನೂ ತಕರಾರಿಲ್ಲ. ಪಶುವೈದ್ಯರ ಬಳಿ ಎರಡರ ಲಸಿಕೆ ದಾಖಲೆಗಳು ಕಲೆತುಹೋಗುವ ಸಾಧ್ಯತೆಯಿದೆ, ಅಷ್ಟೆ.