ಗ್ರಹಗಳನ್ನು ನೋಡೋಕೆ ಪುಟ್ಟ ಹಿಸಾಕಿ ದೂರದರ್ಶಕವನ್ನು ಬಾಹ್ಯಾಕಾಶಕ್ಕೇ ಯಾಕೆ ಕಳಿಸಿದರು?

ಕಾರಣ ನಮ್ಮ ಗಾಳಿ. ಹಿಸಾಕಿ ನೋಡುತ್ತಿದ್ದದ್ದು ಕಣ್ಣಿಗೆ ಕಾಣದ ತೀವ್ರ ನೇರಳಾತೀತ ಬೆಳಕನ್ನು. ಅದನ್ನು ವಾತಾವರಣ ಮೇಲೆಯೇ ಹೀರಿಕೊಂಡುಬಿಡುತ್ತದೆ, ಎಷ್ಟು ಎತ್ತರದ ಬೆಟ್ಟ ಹತ್ತಿದರೂ ಸಿಗುವುದಿಲ್ಲ. ಅದಕ್ಕೇ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ 2013ರ ಸೆಪ್ಟೆಂಬರ್ 14ರಂದು ಇದನ್ನು ಹಾರಿಸಿತು. ಕನ್ನಡಿಯ ಅಗಲ ಬರೀ 20 ಸೆಂಟಿಮೀಟರ್, ಊಟದ ತಟ್ಟೆಗಿಂತ ಚಿಕ್ಕದು!

ಗುರು ಗ್ರಹದ ಚಂದ್ರ ಅಯೋದ ತುಂಬಾ ಜ್ವಾಲಾಮುಖಿಗಳಿವೆ. ಅವು ಉಗುಳುವ ಗಂಧಕ, ಆಮ್ಲಜನಕ ವಿದ್ಯುದಾವೇಶ ಪಡೆದು ಗುರುವಿನ ಸುತ್ತ ಉದ್ದಿನವಡೆಯ ಆಕಾರದ ಉಂಗುರವಾಗುತ್ತವೆ, ನೇರಳಾತೀತದಲ್ಲಿ ಹೊಳೆಯುತ್ತವೆ. ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೆ ಇದನ್ನೇ ತಿಂಗಳುಗಟ್ಟಲೆ ನೋಡುತ್ತಾ ಕೂರಲು ಪುರುಸೊತ್ತಿಲ್ಲ, ಅದರ ಸಮಯ ಎಲ್ಲರಿಗೂ ಬೇಕು ಅಲ್ವಾ? ಹಿಸಾಕಿಗೆ ಗ್ರಹ ನೋಡುವುದೇ ಕೆಲಸವಾಗಿತ್ತು. 2015ರ ಆರಂಭದಲ್ಲಿ ಅಯೋ ಜಾಸ್ತಿ ಉಗುಳಿದಾಗ ಉಂಗುರ ಬೆಳಗಿ, ಮತ್ತೆ ಮಂಕಾದದ್ದನ್ನು ಅದು ಬಿಡದೆ ಹಿಂಬಾಲಿಸಿತು. 2023ರ ಡಿಸೆಂಬರ್‌ವರೆಗೂ ದುಡಿಯಿತು.